ಮೈಕಿಗೆ ಉಗುರು ತಟ್ಟಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಅಕ್ಕ ಸಂಗೀತ ಟೀಚರ್. ಕೋವಿಡ್ ಕಾಲದಲ್ಲಿ ಶುರುವಾದ ಅವಳ ಆನ್‌ಲೈನ್ ಪಾಠ ಈಗಲೂ ನಡೆಯುತ್ತಿದೆ. ಒಂದು ಸಂಜೆ ಫೋನ್ ಮಾಡಿದಳು. "ಹೊಸ ಹೆಡ್‌ಸೆಟ್ ತಂದೆ ಕಣೋ. ಮಕ್ಕಳು ಹಾಡೋದು ನನಗೆ ಕೇಳುತ್ತೆ, ನಾನು ಹಾಡೋದು ಅವರಿಗೆ ಕೇಳಲ್ಲ. ರಿಪೇರಿಯವನು ಕಂಪ್ಯೂಟರ್ ಫಾರ್ಮ್ಯಾಟ್ ಮಾಡ್ಬೇಕು ಅಂತಿದ್ದಾನೆ." ಏನೂ ಮಾಡಿಸಬೇಡ, ನಾನೇ ಬರ್ತೀನಿ ಅಂದೆ.

ತೋಟದ ಪೈಪಿನಲ್ಲಿ ನೀರು ಬರದಿದ್ದರೆ ನಾವು ಮೊದಲೇ ಮೋಟಾರು ಬಿಚ್ಚುತ್ತೇವಾ? ಇಲ್ಲ. ಪೈಪು ಎಲ್ಲಿ ಮಡಚಿಕೊಂಡಿದೆ ಅಂತ ನೋಡುತ್ತಾ ಹೋಗುತ್ತೇವೆ. ದನಿಯೂ ಹಾಗೇ. ಬಾಯಿಂದ ಮೈಕಿಗೆ, ವೈರಿಗೆ, ಪಿನ್ನಿಗೆ, ವಿಂಡೋಸಿಗೆ, ಕೊನೆಗೆ ಜೂಮಿಗೋ ಮೀಟಿಗೋ ಹೋಗಬೇಕು. ನಡುವೆ ಎಲ್ಲೋ ನಿಂತಿದೆ, ಅಷ್ಟೆ.

ಅಕ್ಕನದು ಹಳೇ ಡೆಸ್ಕ್‌ಟಾಪ್. ಅದರ ಹಿಂದೆ ಎರಡು ಪುಟ್ಟ ತೂತು. ಹಸಿರು ಬಣ್ಣದ್ದು ಸ್ಪೀಕರಿಗೆ, ಗುಲಾಬಿ ಬಣ್ಣದ್ದು ಮೈಕಿಗೆ. ಹೊಸ ಹೆಡ್‌ಸೆಟ್‌ಗೆ ಇದ್ದದ್ದು ಒಂದೇ ಪಿನ್ನು. ಕನ್ನಡಕ ಹಾಕಿಕೊಂಡು ನೋಡಿದೆ. ಪಿನ್ನಿನ ಮೇಲೆ ಮೂರು ಕಪ್ಪು ಗೆರೆ. ಅಂದರೆ ಅದು ಮೊಬೈಲಿಗೆ ಮಾಡಿದ ಪಿನ್ನು. ಕೇಳಿಸುವ ದನಿ, ಮೈಕಿನ ದನಿ ಎರಡೂ ಅದೊಂದರಲ್ಲೇ ಓಡಾಡುತ್ತವೆ. ಡೆಸ್ಕ್‌ಟಾಪಿನ ತೂತಿಗೆ ಎರಡು ಗೆರೆಯ ಪಿನ್ನು ಮಾತ್ರ ಗೊತ್ತು. ಅಕ್ಕ ಅದನ್ನು ಹಸಿರಿಗೆ ಚುಚ್ಚಿದ್ದಳು. ಕೇಳಿಸುವುದು ಸರಿಯಾಗಿತ್ತು, ಮೈಕಿಗೆ ಮಾತ್ರ ದಾರಿಯೇ ಇರಲಿಲ್ಲ.

ಗುಲಾಬಿಗೆ ಹಾಕಿದರೆ? ಅದನ್ನೂ ಸುಮ್ನೆ ಮಾಡಿ ನೋಡಿದೆ. ಕಿವಿಗೆ ಇಟ್ಟುಕೊಳ್ಳುವ ಭಾಗವನ್ನು ಬಾಯಿಗೆ ಹಿಡಿದು ಕೂಗಿದರೆ ತುಸು ದನಿ ಹೋಯಿತು! ಸ್ಪೀಕರನ್ನು ತಿರುಗಿಸಿ ಬಳಸಿದರೆ ಅದೂ ಒಂದು ಬಡ ಮೈಕೇ. ಅಕ್ಕ ನಕ್ಕಳು, ಆದರೆ ಪಾಠಕ್ಕೆ ಅದು ಸಾಲದು ಅಲ್ವಾ. ಒಂದು ಪಿನ್ನನ್ನು ಎರಡಾಗಿ ಒಡೆಯುವ ಸಣ್ಣ ಕವಲು ವೈರು ಸಿಗುತ್ತದೆ, ಸ್ಪ್ಲಿಟರ್ ಅಂತ ಕೇಳಿ. ಆದರೆ ಜಾಗ್ರತೆ: ಎರಡು ಹೆಡ್‌ಫೋನ್ ಜೋಡಿಸುವ ಸ್ಪ್ಲಿಟರೂ ನೋಡಲು ಹಾಗೇ ಇರುತ್ತದೆ. ಒಂದು ಕವಲಿನ ಮೇಲೆ ಮೈಕಿನ ಚಿತ್ರ ಇದ್ದರೆ ಮಾತ್ರ ಕೊಳ್ಳಿ.

ಅದನ್ನು ತಂದು ಹಾಕಿದೆ. ಆದರೂ ದನಿ ಇಲ್ಲ.

ಈಗ ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಸ್ಪೀಕರ್ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ಸೌಂಡ್ ಸೆಟ್ಟಿಂಗ್ಸ್ ತೆರೆದೆ. ಅಲ್ಲಿ ಇನ್‌ಪುಟ್ ಅಂತ ಇದೆ. ಎಷ್ಟೋ ಸಲ ತಪ್ಪು ಇರುವುದು ಇಲ್ಲೇ. ನಾವು ಒಂದು ಮೈಕಿನಲ್ಲಿ ಮಾತಾಡುತ್ತಿರುತ್ತೇವೆ, ಕಂಪ್ಯೂಟರು ಇನ್ನೊಂದಕ್ಕೆ ಕಿವಿ ಕೊಟ್ಟಿರುತ್ತದೆ. ಅಕ್ಕನ ಕಂಪ್ಯೂಟರು ವೆಬ್‌ಕ್ಯಾಮಿನ ಮೈಕನ್ನು ಹಿಡಿದು ಕೂತಿತ್ತು. ಆ ವೆಬ್‌ಕ್ಯಾಮೋ ಯಾವತ್ತೋ ಕೆಟ್ಟದ್ದು. ಹೆಡ್‌ಸೆಟ್ ಆರಿಸಿ, ಮೈಕಿನ ಮೇಲೆ ಉಗುರಿನಿಂದ ಟಕ್ ಟಕ್ ತಟ್ಟಿದೆ. ಪರದೆಯಲ್ಲಿ ಇನ್‌ಪುಟ್ ಹತ್ತಿರ ದನಿ ತೋರಿಸುವ ಗೆರೆ ಕುಣಿಯಬೇಕು. ಕುಣಿಯಲಿಲ್ಲ. ಆಗ ಕಣ್ಣಿಗೆ ಬಿತ್ತು ನೋಡಿ, ಹೆಡ್‌ಸೆಟ್ ವೈರಿನ ನಡುವೆ ಒಂದು ಪುಟ್ಟ ಗುಂಡಿ. ಮ್ಯೂಟ್! ತಳ್ಳಿದೆ. ಗೆರೆ ಕುಣಿಯಿತು. ಲ್ಯಾಪ್‌ಟಾಪ್ ಇರುವವರೂ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಮೈಕಿನ ಚಿತ್ರದ ಕೀ ಇದೆಯಾ ನೋಡಿಕೊಳ್ಳಿ. ಅರಿವಿಲ್ಲದೆ ಬೆರಳು ತಾಗಿರುತ್ತದೆ.

ಆ ಗೆರೆ ಕುಣಿದರೆ ಮೈಕು, ವೈರು, ಪಿನ್ನು ಎಲ್ಲ ಸರಿ ಇವೆ ಅಂತ ಅರ್ಥ. ಇನ್ನು ಅವುಗಳ ಗೋಜಿಗೆ ಹೋಗಬೇಡಿ. ಆಮೇಲೂ ಎದುರಿನವರಿಗೆ ಕೇಳದಿದ್ದರೆ ತಪ್ಪು ಜೂಮಿನಲ್ಲೋ ಬ್ರೌಸರಿನಲ್ಲೋ ವಿಂಡೋಸಿನ ಅನುಮತಿಯಲ್ಲೋ ಇದೆ. ಜೂಮಿಗೆ ತನ್ನದೇ ಮೈಕಿನ ಪಟ್ಟಿ ಇದೆ, ಅಲ್ಲೂ ಹೆಡ್‌ಸೆಟ್ಟನ್ನೇ ಆರಿಸಬೇಕು. ಬ್ರೌಸರಿನಲ್ಲಾದರೆ ವಿಳಾಸದ ಪಕ್ಕದ ಚಿಹ್ನೆ ಒತ್ತಿ ಮೈಕಿಗೆ ಅನುಮತಿ ಕೊಡಿ. ವಿಂಡೋಸಿನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲೂ ಮೈಕ್ರೋಫೋನ್ ಅಂತ ಒಂದು ಪುಟ ಇದೆ. ಅಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಬೇರೆಯದೇ ಒಂದು ಸ್ವಿಚ್ಚು. ಅದು ಆಫ್ ಇದ್ದರೆ ನೀವು ಎಷ್ಟು ಕಿರುಚಿದರೂ ಜೂಮಿಗೆ ಕೇಳುವುದು ಬರೀ ಮೌನ.

ಬ್ಲೂಟೂತ್ ಹೆಡ್‌ಸೆಟ್ ಆದರೆ ಅದು ನಿಮ್ಮ ಮೊಬೈಲಿಗೆ ಅಂಟಿಕೊಂಡಿಲ್ಲ ತಾನೇ ಅಂತ ಮೊದಲು ನೋಡಿ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಇದೇ ಗೋಳು.

ಅಕ್ಕ ಈಗ ಪಾಠಕ್ಕೆ ಮುಂಚೆ ತಪ್ಪದೆ ಮೈಕಿಗೆ ಉಗುರಿನಿಂದ ಟಕ್ ಟಕ್ ತಟ್ಟುತ್ತಾಳೆ. ಆ ಕಡೆ ಮಕ್ಕಳು ಪಾಠ ಶುರುವಾಯಿತು ಅಂದುಕೊಂಡು ತಾಳ ಹಾಕಲು ಶುರು ಮಾಡುತ್ತಾರಂತೆ.

ನಮಸ್ಕಾರ.