ಒಂದೇ ನಾಟಕ, ಐವತ್ತು ವರ್ಷ: ಸ್ಟ್ರೆಲರ್ ಮತ್ತು ಅರ್ಲೆಕಿನೊ

ಎಲ್ಲರಿಗೂ ನಮಸ್ಕಾರ. ಇವತ್ತು ಇಟಲಿಯ ನಿರ್ದೇಶಕ ಜಾರ್ಜೊ ಸ್ಟ್ರೆಲರ್ ಬಗ್ಗೆ ಮಾತಾಡ್ತೀನಿ. ಷೇಕ್ಸ್‌ಪಿಯರ್, ಚೆಕಾಫ್, ಬ್ರೆಕ್ಟ್ ಎಲ್ಲರ ನಾಟಕಗಳನ್ನೂ ಆಡಿಸಿದವರು ಅವರು. ಆದರೆ ಒಂದು ನಾಟಕವನ್ನು ಮಾತ್ರ 1947ರಲ್ಲಿ ಹಿಡಿದವರು 1997ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಅದು ಕಾರ್ಲೊ ಗೋಲ್ಡೋನಿ ಬರೆದ 'ಇಬ್ಬರು ಧಣಿಗಳ ಆಳು'. ಅದದೇ ನಾಟಕ ಮತ್ತೆ ಎತ್ತಿಕೊಂಡರೆ ನಿರ್ದೇಶಕನ ಸರಕು ಮುಗಿಯಿತು ಅನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ.

ಕಥೆ ಸರಳ. ಅರ್ಲೆಕಿನೊ ಅನ್ನುವ ಹೊಟ್ಟೆಗಿಲ್ಲದ ಆಳೊಬ್ಬ, ಎರಡು ಕಡೆ ಊಟ ಸಿಗುತ್ತೆ ಅಂತ ಒಬ್ಬರಿಗೆ ತಿಳಿಯದ ಹಾಗೆ ಇನ್ನೊಬ್ಬರ ಹತ್ತಿರವೂ ಕೆಲಸಕ್ಕೆ ಸೇರುತ್ತಾನೆ. ಧಣಿಗಳಲ್ಲಿ ಒಬ್ಬಳು ಗಂಡುವೇಷದಲ್ಲಿರುವ ಹುಡುಗಿ, ಇನ್ನೊಬ್ಬ ಅವಳು ಹುಡುಕುತ್ತಿರುವ ಪ್ರಿಯಕರ. ಇಬ್ಬರೂ ಒಂದೇ ಛತ್ರದಲ್ಲಿ ಇಳಿದಿದ್ದಾರೆ, ಇಬ್ಬರಿಗೂ ಗೊತ್ತಿಲ್ಲ! ಒಡೆದ ಕಾಗದವನ್ನು ಮತ್ತೆ ಅಂಟಿಸಬೇಕು, ಅದಕ್ಕೆ ಬ್ರೆಡ್ ಅಗಿಯುತ್ತಾನೆ, ಅಗಿದದ್ದು ಗಂಟಲಲ್ಲಿ ಇಳಿದೇ ಹೋಗುತ್ತೆ. ನಗು ಬರುತ್ತೆ, ಆದರೆ ಅದು ನಿಜವಾದ ಹಸಿವು ಅಲ್ವಾ? ಗೋಲ್ಡೋನಿ ಇದನ್ನು 1745ರಲ್ಲಿ ಸಾಕ್ಕಿ ಎಂಬ ನಟನಿಗಾಗಿ ಮಾಡಿಕೊಟ್ಟರು. ಆಗ ಬಹುಪಾಲು ಕಥೆಯ ಎಳೆ ಮಾತ್ರ ಇತ್ತು. ಪ್ರಸಂಗ ಹಿಡಿದು ಯಕ್ಷಗಾನದ ಹಾಸ್ಯಗಾರರು ಅಲ್ಲಲ್ಲೇ ಮಾತು ಕಟ್ಟುತ್ತಾರಲ್ಲ, ಹಾಗೆ ನಟರೇ ಮಾತು ಕಟ್ಟಬೇಕಿತ್ತು. ಪೂರ್ತಿ ಮಾತು ಬರೆದದ್ದು ಆಮೇಲೆ.

ಈಗ 1947ರ ಮಿಲಾನ್‌ಗೆ ಬನ್ನಿ. ಯುದ್ಧ ಮುಗಿದು ಎರಡು ವರ್ಷ. ಸ್ಟ್ರೆಲರ್ ಮತ್ತು ಗೆಳೆಯ ಪಾವೊಲೊ ಗ್ರಾಸಿ ರೊವೆಲ್ಲೊ ಬೀದಿಯಲ್ಲಿ ಪಿಕೊಲೊ ತಿಯೇಟ್ರೊ ಅನ್ನುವ ರಂಗಮಂದಿರ ಶುರು ಮಾಡಿದರು. ಯುದ್ಧದ ದಿನಗಳಲ್ಲಿ ಫ್ಯಾಸಿಸ್ಟ್ ಪಡೆಯೊಂದು ವಿರೋಧಿಗಳಿಗೆ ಚಿತ್ರಹಿಂಸೆ ಕೊಟ್ಟಿದ್ದು ಅದೇ ಕಟ್ಟಡದಲ್ಲಿ. ಅಲ್ಲಿ ಜುಲೈ 24ರಂದು 25 ವರ್ಷದ ಹುಡುಗ ಸ್ಟ್ರೆಲರ್ ಈ ಹಸಿದ ಆಳಿನ ನಗೆನಾಟಕ ಆಡಿಸಿದ. ಇದನ್ನು ಸುಮ್ನೆ ಮನರಂಜನೆ ಅಂತ ತಳ್ಳಿಹಾಕುವುದು ನನ್ನಿಂದಾಗದು.

ದೊಡ್ಡ ಕಷ್ಟ ಮುಖವಾಡದ್ದು. ಕೊಮೆದಿಯ ದೆಲ್ಲಾರ್ತೆ ಅಂದರೆ ಮುಖವಾಡ ಹಾಕಿ, ಅಲ್ಲಲ್ಲೇ ಮಾತು ಕಟ್ಟಿ ಆಡುವ ಇಟಲಿಯ ನಗೆನಾಟಕ. ಅದರ ಹಳೇ ಪರಂಪರೆ ಕಡಿದುಹೋಗಿತ್ತು, ಹೇಳಿಕೊಡುವವರೇ ಇರಲಿಲ್ಲ. ಅರ್ಲೆಕಿನೊ ಆದ ಮಾರ್ಚೆಲ್ಲೊ ಮೊರೆಟ್ಟಿಗೆ ಮುಖವಾಡ ಹಿಂಸೆಯಾಗಿ, ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡರು. ಆಮೇಲೆ ಶಿಲ್ಪಿ ಅಮ್ಲೇಟೊ ಸಾರ್ತೋರಿ ಹಳೇ ವಿದ್ಯೆಯನ್ನು ಹುಡುಕಿ ತೆಗೆದು ಚರ್ಮದ ಮುಖವಾಡ ಮಾಡಿಕೊಟ್ಟರು. ಅದನ್ನು ಹಾಕಿಕೊಂಡ ಮೇಲೆ ಮೊರೆಟ್ಟಿಯ ಮೈಯೇ ಬೇರೆ ಥರ ಮಾತಾಡತೊಡಗಿತು. ಒಂದು ತಾಲೀಮಿನಲ್ಲಿ ಆಗುವ ಕೆಲಸವಲ್ಲ ಇದು, ನಾಟಕ ವರ್ಷಗಟ್ಟಲೆ ಕೈಯಲ್ಲಿದ್ದರಿಂದಲೇ ಆಯಿತು.

1961ರಲ್ಲಿ ಮೊರೆಟ್ಟಿ ತೀರಿಕೊಂಡರು. ಹಿಂದಿನ ವರ್ಷ ನ್ಯೂಯಾರ್ಕಿನಲ್ಲಿ ಅವರ ಬದಲಿಗೆ ಆಡಿದ್ದ ಫೆರುಚಿಯೊ ಸೊಲೇರಿ 1963ರಲ್ಲಿ ಪಾತ್ರವನ್ನು ಪೂರ್ತಿ ವಹಿಸಿಕೊಂಡರು. ನಟ ಬದಲಾದಾಗ ಸ್ಟ್ರೆಲರ್ ಹಳೇ ಅಚ್ಚಿನಲ್ಲೇ ಹೊಸಬರನ್ನು ಎರಕ ಹೊಯ್ಯಲಿಲ್ಲ, ಪ್ರಯೋಗವನ್ನೇ ಹೊಸದಾಗಿ ಕಟ್ಟಿದರು. ಈ ಸಲ ಬಯಲಲ್ಲಿ, ಊರೂರು ಅಲೆಯುವ ನಾಟಕದವರ ಬಂಡಿಗಳ ನಡುವೆ. ತಮ್ಮ ಸರದಿಗೆ ಕಾಯುವ ನಟರೂ ಜನರ ಕಣ್ಣಿಗೆ ಬೀಳುತ್ತಿದ್ದರು. ಸ್ಟ್ರೆಲರ್ ಅವರ ಎಲ್ಲ ಪ್ರಯೋಗಗಳಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. ಯಾಕಂದ್ರೆ ಇಲ್ಲಿಂದ ಆಚೆಗೆ ಅದು ಆಳಿನ ಕಥೆ ಮಾತ್ರ ಅಲ್ಲ, ಅದನ್ನು ಆಡಿ ಹೊಟ್ಟೆ ಹೊರೆಯುವ ತಂಡದ ಕಥೆಯೂ ಆಯಿತು. ಅರ್ಲೆಕಿನೊನ ಹಸಿವೂ ಅವರ ಹಸಿವೂ ಒಂದೇ ಅಂತ ಪ್ರೇಕ್ಷಕರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

1987ರಲ್ಲಿ 'ವಿದಾಯ' ಅಂತ ಹೆಸರಿಟ್ಟು ಮತ್ತೆ ಆಡಿಸಿದರು. ವಿದಾಯ ಹೇಳಲಾಗಲಿಲ್ಲ! 1990ರಲ್ಲಿ ತಮ್ಮ ರಂಗಶಾಲೆಯ ಎಳೆಯರನ್ನು ಕಟ್ಟಿಕೊಂಡು 'ಶುಭೋದಯ' ಅಂತ ಇನ್ನೊಂದು ಪ್ರಯೋಗ. ಅರ್ಧ ಜೀವಮಾನ ಆ ಪಾತ್ರವನ್ನೇ ಆಡಿದ ಸೊಲೇರಿ, ಅದೇ ವೇದಿಕೆಯಲ್ಲಿ ಈಗತಾನೇ ಕಲಿಯುತ್ತಿರುವ ಹುಡುಗರು. ಯಾವ ಪಠ್ಯಪುಸ್ತಕ ಕೊಡುತ್ತೆ ಹೇಳಿ ಇಂಥ ಪಾಠ?

ಸ್ಟ್ರೆಲರ್ ಹೋದ ಮೇಲೂ ನಾಟಕ ನಿಲ್ಲಲಿಲ್ಲ. ಸೊಲೇರಿ ಎರಡು ಸಾವಿರಕ್ಕೂ ಜಾಸ್ತಿ ಸಲ ಆ ವೇಷ ಹಾಕಿ, 2018ರಲ್ಲಿ, 88ನೇ ವಯಸ್ಸಿನಲ್ಲಿ ಬಿಟ್ಟರು. ಕೊನೆಗೆ ಮುಖವಾಡ ತೆಗೆದಾಗ ಅಷ್ಟು ಹೊತ್ತು ಲಾಗ ಹಾಕಿದ್ದು ಈ ಮುದುಕರಾ ಅಂತ ಜನ ಬೆರಗಾಗುತ್ತಿದ್ದರು. ಅವರ ಜಾಗಕ್ಕೆ ಬಂದ ಎನ್ರಿಕೊ ಬೊನವೆರಾ ಹೊರಗಿನವರಲ್ಲ, ಅದೇ ನಾಟಕದಲ್ಲಿ ಬೇರೆ ಪಾತ್ರ ಮಾಡುತ್ತಾ ಸೊಲೇರಿಯನ್ನು ಹತ್ತಿರದಿಂದ ನೋಡಿ ಬೆಳೆದವರು.