ನೋವಿಲ್ಲ ಅಂದ ಮಾತ್ರಕ್ಕೆ ದವಡೆ ಚೆನ್ನಾಗಿದೆ ಅಂತಲ್ಲ: ಮಕ್ಕಳ ಆರ್ಥ್ರೈಟಿಸ್ ಮತ್ತು ಎಂಆರ್‌ಐ

[ನಿರೂಪಕಿ ಕ್ಯಾಮೆರಾ ಎದುರು, ಎರಡೂ ಕಿವಿಯ ಮುಂದೆ ಬೆರಳಿಟ್ಟುಕೊಂಡು]

ನಮಸ್ಕಾರ. ನೀವೂ ಹೀಗೆ ಬೆರಳಿಟ್ಟು ಒಮ್ಮೆ ಬಾಯಿ ತೆರೆದು ಮುಚ್ಚಿ. ಬೆರಳಿನ ಕೆಳಗೆ ಏನೋ ಜಾರಿದ ಹಾಗಾಯಿತು, ಅಲ್ವಾ? ಅದೇ ದವಡೆಯ ಕೀಲು.

ಮಕ್ಕಳಿಗೂ ಆರ್ಥ್ರೈಟಿಸ್ ಬರುತ್ತದೆ. 16 ವರ್ಷ ತುಂಬುವ ಮೊದಲೇ ಶುರುವಾಗಿ, ಕನಿಷ್ಠ 6 ವಾರ ಇದ್ದು, ಬೇರೆ ಕಾರಣ ಸಿಗದ ಕೀಲು ಉರಿಯೂತಕ್ಕೆ ಡಾಕ್ಟರುಗಳು ಜೆಐಎ, ಅಂದರೆ ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಅನ್ನುತ್ತಾರೆ. ಮಂಡಿ ಊದಿದರೆ ಸ್ನಾನ ಮಾಡಿಸುವಾಗ ಅಮ್ಮನ ಕೈಗೆ ಗೊತ್ತಾಗುತ್ತದೆ. ಕುಂಟಿದರೆ ಪಕ್ಕದ ಮನೆಯವರೂ ಕೇಳುತ್ತಾರೆ. ದವಡೆ ಹಾಗಲ್ಲ. ಹೊರಗೆ ಊತ ಕಾಣುವುದು ಅಪರೂಪ, ಎಷ್ಟೋ ಮಕ್ಕಳಿಗೆ ನೋವೇ ಇರುವುದಿಲ್ಲ, ಆದರೂ ಒಳಗೆ ಉರಿಯೂತ ತಿಂಗಳುಗಟ್ಟಲೆ ನಡೆಯುತ್ತಲೇ ಇರಬಹುದು.

[ಚಿತ್ರ: ಮಂಡಿ ಮತ್ತು ದವಡೆ ಕೀಲು ಅಕ್ಕಪಕ್ಕ]

ಇದಕ್ಕೆ ಇಷ್ಟು ಹೆದರುವುದು ಯಾಕೆ? ಮಂಡಿಯಲ್ಲಿ ಮೂಳೆ ಉದ್ದವಾಗುವ ಜಾಗ ಕೀಲಿನಿಂದ ಸ್ವಲ್ಪ ದೂರ ಇದೆ. ಕೆಳದವಡೆಯಲ್ಲಿ ಆ ಜಾಗ ಕೀಲಿನ ತುದಿಯಲ್ಲೇ, ತೆಳುವಾದ ಪದರವೊಂದರ ಅಡಿಯಲ್ಲೇ ಇದೆ. ಹಾಗಾಗಿ ಉರಿಯೂತ ನೇರವಾಗಿ ಬೆಳವಣಿಗೆಗೇ ತಗಲುತ್ತದೆ. ಗದ್ದ ಹಿಂದೆ ಉಳಿಯುತ್ತದೆ, ಅಥವಾ ಒಂದೇ ಕಡೆ ಪೆಟ್ಟಾದರೆ ಮುಖ ಆ ಕಡೆಗೆ ವಾಲುತ್ತದೆ. ಕನ್ನಡಿಯಲ್ಲಿ ಇದು ಕಾಣುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ನನಗೆ ಬೇಜಾರಾಗುವುದು ಇದಕ್ಕೇ.

ಎಕ್ಸ್‌ರೇ ಸಾಲದಾ? ಅದು ತೋರಿಸುವುದು ಮೂಳೆ ಸವೆದ ಮೇಲಿನ ಕಥೆ. ಅಲ್ಟ್ರಾಸೌಂಡಿಗೆ ಕೀಲಿನ ಒಳಬದಿ ಮೂಳೆಯ ಮರೆಗೆ ಹೋಗಿಬಿಡುತ್ತದೆ. ಉರಿಯೂತ ಇನ್ನೂ ನಡೆಯುತ್ತಿರುವಾಗಲೇ ಅದನ್ನು ಚೆನ್ನಾಗಿ ಹಿಡಿಯುವುದು ಎಂಆರ್‌ಐ, ಅದರಲ್ಲೂ ಗ್ಯಾಡೋಲಿನಿಯಂ ಅನ್ನುವ ಔಷಧಿ ಕೊಟ್ಟು ತೆಗೆಯುವ ಎಂಆರ್‌ಐ.

[ಎರಡು ಎಂಆರ್‌ಐ ಚಿತ್ರ: ಔಷಧಿಗೆ ಮೊದಲು, ಔಷಧಿಯ ನಂತರ]

ಎಡಗಡೆ ನೋಡಿ. ದವಡೆಯ ತುದಿ ದುಂಡಗಿದೆ, ಸುತ್ತ ಎಲ್ಲ ಬೂದು, ಅಂಥದ್ದೇನೂ ಕಾಣುವುದಿಲ್ಲ. ಬಲಗಡೆ ಅದೇ ಮಗು, ಅದೇ ಕೀಲು. ಕೈಯ ನರದಲ್ಲಿ ಔಷಧಿ ಹೋದ ಮೇಲೆ ಕೀಲಿನ ಒಳಪೊರೆ ಬೆಳ್ಳಗೆ ಹೊಳೆಯುತ್ತಿದೆ, ದಪ್ಪಗೂ ಆಗಿದೆ. ಉರಿಯೂತ ಇರುವ ಕಡೆ ರಕ್ತ ಜಾಸ್ತಿ ಹರಿಯುತ್ತದೆ, ಔಷಧಿಯೂ ಅಲ್ಲೇ ಜಾಸ್ತಿ ಸೇರುತ್ತದೆ, ಅದಕ್ಕೇ ಈ ಹೊಳಪು. ಇದರ ಜೊತೆಗೆ ಕೀಲಿನಲ್ಲಿ ನೀರು ತುಂಬಿದೆಯಾ, ಮೂಳೆಯ ಮಜ್ಜೆಯಲ್ಲಿ ಊತ ಇದೆಯಾ, ದುಂಡಗಿನ ತುದಿ ಚಪ್ಪಟೆಯಾಗಿದೆಯಾ ಅಂತಲೂ ನೋಡುತ್ತಾರೆ.

ಆದರೆ ಒಂದು ಮಾತು. ಆರೋಗ್ಯವಾಗಿರುವ ಮಕ್ಕಳ ಕೀಲಿನಲ್ಲೂ ಸ್ವಲ್ಪ ನೀರು, ಸ್ವಲ್ಪ ಹೊಳಪು ಕಾಣಬಹುದು. ಔಷಧಿ ಕೊಟ್ಟು ತುಂಬ ಹೊತ್ತಾದರೆ ಅದು ಕೀಲಿನ ನೀರಿಗೂ ಇಳಿದು ಇಲ್ಲದ ಉರಿಯೂತ ಇದ್ದ ಹಾಗೆ ತೋರುತ್ತದೆ. ಅದಕ್ಕೇ ರಿಪೋರ್ಟ್ ಕೈಗೆ ಬಂದ ಕೂಡಲೇ ಗೂಗಲ್ ಮಾಡಿ ಕಂಗಾಲಾಗಬೇಡಿ. ಮಕ್ಕಳ ಕೀಲು ನೋಡಿ ಅಭ್ಯಾಸ ಇರುವ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಓದುವ ಡಾಕ್ಟರ್, ಓದಲಿ, ನಿಮ್ಮ ರುಮಟಾಲಜಿಸ್ಟ್, ಅಂದರೆ ಕೀಲುರೋಗದ ಡಾಕ್ಟರ್, ಮಗುವಿನ ಬಾಯಿ ತೆರೆಸಿ ನೋಡಿ ಎರಡನ್ನೂ ಹೊಂದಿಸಲಿ.

ಎಂಆರ್‌ಐನಲ್ಲಿ ವಿಕಿರಣ ಇಲ್ಲ. ಸದ್ದು ಮಾತ್ರ ಜೋರು, ಟಕ ಟಕ ಅಂತ ಬಡಿಯುತ್ತಲೇ ಇರುತ್ತದೆ, ಅಷ್ಟು ಹೊತ್ತು ಅಲ್ಲಾಡದೆ ಮಲಗಬೇಕು. ಹಾಗಾಗಿ ಚಿಕ್ಕ ಮಕ್ಕಳಿಗೆ ಮಂಪರು ಬರಿಸುವುದುಂಟು, ಆಗ ಖಾಲಿ ಹೊಟ್ಟೆಯಲ್ಲಿ ಬರಲು ಹೇಳುತ್ತಾರೆ. ಮಗುವಿಗೆ ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ. ಹಲ್ಲಿಗೆ ಕ್ಲಿಪ್ ಹಾಕಿದ್ದರೂ ಹೇಳಿ, ಆ ಲೋಹದಿಂದ ಚಿತ್ರ ಕೆಡಬಹುದು.

ಉರಿಯೂತ ಸಿಕ್ಕರೆ ಚಿಕಿತ್ಸೆ ಇದೆ. ಉರಿಯೂತ ತಗ್ಗಿಸುವ ಮೆಥೊಟ್ರೆಕ್ಸೇಟ್ ಅನ್ನುವ ಔಷಧಿ, ಬೇಕಾದರೆ ಉರಿಯೂತ ಎಬ್ಬಿಸುವ ಅಂಶವನ್ನೇ ಗುರಿಯಿಟ್ಟು ತಡೆಯುವ ಬಯಲಾಜಿಕ್ ಇಂಜೆಕ್ಷನ್. ದವಡೆ ಕೀಲಿಗೇ ಸ್ಟಿರಾಯ್ಡ್ ಚುಚ್ಚುವುದೂ ಉಂಟು, ಆದರೆ ಬೆಳೆಯುವ ಮಕ್ಕಳಿಗೆ ಅದನ್ನು ಪದೇ ಪದೇ ಕೊಡಲು ಹಿಂಜರಿಯುತ್ತಾರೆ, ಕೀಲಿನೊಳಗೆ ಬೇಡದ ಮೂಳೆ ಬೆಳೆದದ್ದಿದೆ. ಔಷಧಿ ಕೆಲಸ ಮಾಡಿತಾ ಅಂತ ನೋಡಲು ಮತ್ತೆ ಎಂಆರ್‌ಐ ಮಾಡಿಸಬೇಕಾಗಬಹುದು.

[ಕನ್ನಡಿ ಮುಂದೆ ಬಾಯಿ ತೆರೆಯುತ್ತಿರುವ ಮಗು]

ಮನೆಯಲ್ಲಿ ಇಷ್ಟು ಗಮನಿಸಿ. ಬಾಯಿ ತೆರೆದಾಗ ಗದ್ದ ಒಂದು ಕಡೆಗೆ ಸರಿಯುತ್ತದಾ? ಮೊದಲಿಗಿಂತ ಕಡಿಮೆ ತೆರೆಯುತ್ತದಾ? ಚಕ್ಕುಲಿ ಬೇಡ ಅನ್ನುತ್ತದಾ, ಚಪಾತಿಯನ್ನು ಹಾಲಲ್ಲಿ ನೆನೆಸಿಯೇ ತಿನ್ನುತ್ತದಾ? ಹಟ ಅಂತ ಸುಮ್ನೆ ಬೈಯಬೇಡಿ. ಇದ್ಯಾವುದೂ ಇಲ್ಲದಿದ್ದರೂ, ಜೆಐಎ ಇರುವ ಮಗುವನ್ನು ಮುಂದಿನ ಸಲ ಕರೆದುಕೊಂಡು ಹೋದಾಗ, "ಡಾಕ್ಟ್ರೇ, ದವಡೆನೂ ಒಂದ್ಸಲ ನೋಡ್ತೀರಾ?" ಅಂತ ಕೇಳಿ.