ಉಪ್ಪಿನೂರಿನಲ್ಲಿ ಒಂದು ಹಳೇ ದೊಡ್ಡ ಕಾರು

ಕೇಳುಗರಿಗೆ ನಮಸ್ಕಾರ. ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಹುಡುಗರು ಹಳೇ ಕಾರು ಕೊಳ್ಳುವಾಗ ಹಿಂದೆಮುಂದೆ ನೋಡದೆ ಟೊಯೋಟಾ, ಹೋಂಡಾ ಅನ್ನುತ್ತಾರೆ. ತಪ್ಪೇನಿಲ್ಲ, ಒಳ್ಳೇ ಕಾರುಗಳೇ. ಆದರೆ ಎಲ್ಲರೂ ಅದನ್ನೇ ಕೇಳಿದರೆ ಬೆಲೆ ಇಳಿಯುವುದಾದರೂ ಹೇಗೆ? ಅದೇ ಬೀದಿಯಲ್ಲಿ ಯಾರೋ ಅಜ್ಜನ ಮನೆ ಮುಂದೆ ಮರ್ಕ್ಯುರಿ ಗ್ರ್ಯಾಂಡ್ ಮಾರ್ಕೀ ಅನ್ನೋ ಉದ್ದನೆಯ ಕಾರೊಂದು ಮಾರಾಟದ ಚೀಟಿ ಅಂಟಿಸಿಕೊಂಡು ನಿಂತಿರುತ್ತದೆ. ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಮುದುಕರ ಕಾರು ಅಂತ ನಗುತ್ತಾರೆ. ನಾನು ಇಲ್ಲಿ ಮಿಶಿಗನ್‌ನಲ್ಲಿ ಓಡಿಸುತ್ತಿರುವುದು ಅಂಥದ್ದೇ ಒಂದನ್ನು. ಯಾರಿಗೂ ಬೇಡ ಅನ್ನುವುದೇ ಕೊಳ್ಳುವವನಿಗೆ ಲಾಭ.

ಇದರ ಅಣ್ಣತಮ್ಮಂದಿರನ್ನು ನೀವೆಲ್ಲ ನೋಡೇ ಇರುತ್ತೀರಿ. ಫೋರ್ಡ್ ಕ್ರೌನ್ ವಿಕ್ಟೋರಿಯಾ, ಅಂದರೆ ಅಮೆರಿಕದ ಪೊಲೀಸರು ಓಡಿಸುತ್ತಿದ್ದ ಕಾರು, ನ್ಯೂಯಾರ್ಕಿನಲ್ಲಿ ಹಳದಿ ಟ್ಯಾಕ್ಸಿಯಾಗಿದ್ದ ಕಾರು. ಇನ್ನೊಂದು ಲಿಂಕನ್ ಟೌನ್ ಕಾರ್. ಮೂರಕ್ಕೂ ಅಡಿಪಾಯ ಒಂದೇ. 1979ರ ಮಾದರಿಯಿಂದ 2011ರವರೆಗೆ ಫೋರ್ಡ್ ಇದನ್ನು ತಿದ್ದಿ ತಿದ್ದಿ ಮಾರಿತು. ಇದೇ ಗಾತ್ರದ ಜನರಲ್ ಮೋಟರ್ಸ್‌ನ ಕಾರು ಶೆವ್ರೊಲೆ ಕಪ್ರೀಸ್ 1996ಕ್ಕೇ ನಿಂತುಹೋಯಿತು. ಆಮೇಲೆ ಫೋರ್ಡ್‌ಗೆ ಈ ಮೈದಾನದಲ್ಲಿ ಎದುರಾಳಿಯೇ ಇರಲಿಲ್ಲ. ಕೊನೆಯ ಗ್ರ್ಯಾಂಡ್ ಮಾರ್ಕೀ 2011ರ ಜನವರಿಯಲ್ಲಿ, ಕೊನೆಯ ಕ್ರೌನ್ ವಿಕ್ಟೋರಿಯಾ ಅದೇ ಸೆಪ್ಟೆಂಬರ್‌ನಲ್ಲಿ ಹೊರಬಂತು. ಎರಡೂ ತಯಾರಾದದ್ದು ಕೆನಡಾದ ಸೇಂಟ್ ಥಾಮಸ್‌ನಲ್ಲಿ. ಡೆಟ್ರಾಯಿಟ್‌ನಿಂದ ಎರಡು ಗಂಟೆಯ ದಾರಿ ಅಷ್ಟೆ.

ಗಾತ್ರ ಎಷ್ಟು ಅಂತೀರಾ? ಉದ್ದ ಸುಮಾರು 5.4 ಮೀಟರ್. ನಮ್ಮ ಅಂಬಾಸಿಡರ್‌ಗಿಂತ ಒಂದು ಮೀಟರ್ ಜಾಸ್ತಿ. ಮುಂದೆಯೂ ಉದ್ದ ಸೀಟು, ಗೇರು ಸ್ಟೀರಿಂಗ್ ಪಕ್ಕದಲ್ಲಿ, ಹಾಗಾಗಿ ಆರು ಜನ ಕೂರಬಹುದು. ಊರಿಂದ ಅಪ್ಪ ಅಮ್ಮ ಬಂದಾಗ ವಿಮಾನ ನಿಲ್ದಾಣಕ್ಕೆ ಎರಡು ಕಾರು ಬೇಡ. ಉಪ್ಪಿನಕಾಯಿ, ಹಪ್ಪಳ ತುಂಬಿದ ಆ ಸೂಟ್‌ಕೇಸ್‌ಗಳೆಲ್ಲ ಡಿಕ್ಕಿಯಲ್ಲಿ ಆರಾಮಾಗಿ ಮಲಗುತ್ತವೆ.

ಇನ್ನು ಯಂತ್ರದ ಮಾತು. 1992ರಿಂದ ಈಚಿನ ಮಾದರಿಗಳ ಒಳಗಿರುವುದು 4.6 ಲೀಟರ್‌ನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. ಟೈಮಿಂಗ್ ಬೆಲ್ಟ್ ಅಲ್ಲ, ಚೈನ್. ಟರ್ಬೊ ಇಲ್ಲ. ಎಂಜಿನ್ ಉದ್ದುದ್ದಕ್ಕೆ ಕೂತಿದೆ, ಅದರ ಹಿಂದೆ ನಾಲ್ಕು ಗೇರಿನ ಆಟೊಮ್ಯಾಟಿಕ್, ಓಡುವುದು ಹಿಂದಿನ ಚಕ್ರದಿಂದ. ಬಾನೆಟ್ ಎತ್ತಿದರೆ ಕೈ ಹಾಕಲು ಜಾಗ ಇದೆ. ಈಗಿನ ಕಾರುಗಳಲ್ಲಿ ಒಂದು ಬಲ್ಬ್ ಬದಲಿಸಲು ಬಂಪರ್ ಬಿಚ್ಚಬೇಕು ಅಂತಾರಲ್ಲ, ಇದರಲ್ಲಿ ಆ ರಗಳೆ ಇಲ್ಲ. ಪೊಲೀಸರು, ಟ್ಯಾಕ್ಸಿಯವರು ಲಕ್ಷಗಟ್ಟಲೆ ಮೈಲಿ ಓಡಿಸಿದ್ದರಿಂದ ಯಾವ ಭಾಗ ಯಾವಾಗ ಕೈ ಕೊಡುತ್ತದೆ ಅನ್ನುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಬಾಯಿಪಾಠ. ಪಾರ್ಟ್ಸ್ ಕೂಡ ಎಲ್ಲ ಕಡೆ ಸಿಗುತ್ತವೆ. ದೊಡ್ಡ ಪಾರ್ಟ್ಸ್ ಅಂಗಡಿಗಳು ಡಿಪಾಸಿಟ್ ಇಟ್ಟುಕೊಂಡು ಪಾನಾ, ಬಿಗಿಯಾಗಿ ಕೂತ ಭಾಗ ಎಳೆದು ತೆಗೆಯುವ ಪುಲ್ಲರ್‌ಗಳನ್ನೂ ಎರವಲು ಕೊಡುತ್ತವೆ. ಗುಜರಿ ಅಂಗಳಕ್ಕೆ ನಾವೇ ರಿಪೇರಿ ಸಾಮಾನು ಹೊತ್ತುಕೊಂಡು ಹೋಗಿ, ಬೇಕಾದ್ದನ್ನು ಬಿಚ್ಚಿಕೊಂಡು, ದುಡ್ಡು ಕೊಟ್ಟು ಬರಬಹುದು.

ಹಾಗಂತ ಕಾಯಿಲೆ ಇಲ್ಲ ಅಂತಲ್ಲ. 1990ರ ದಶಕದ ಕೊನೆಯ ಮಾದರಿಗಳನ್ನು ನೋಡುತ್ತಿದ್ದರೆ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳ ಭಾಗದ ಮೇಲೆ ಕಣ್ಣಿಡಿ. ಅದು ಪೂರ್ತಿ ಪ್ಲಾಸ್ಟಿಕ್. ಎಂಜಿನ್ ತಂಪಾಗಿಸುವ ದ್ರವ, ಅಂದರೆ ಕೂಲೆಂಟ್, ಬಿಸಿಯಾಗಿ ಹರಿಯುವ ಮುಂಭಾಗವೂ ಪ್ಲಾಸ್ಟಿಕ್ಕೇ. ಅಲ್ಲಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹತ್ತಿರ, ಬಿರುಕು ಬಿಡುತ್ತದೆ. ಆ ಮುಂಭಾಗ ಅಲ್ಯೂಮಿನಿಯಂ ಇರುವ ಮ್ಯಾನಿಫೋಲ್ಡ್ ಹಾಕಿದ್ದಾರಾ ಅಂತ ಮಾರುವವರನ್ನು ಕೇಳಿ.

ಇನ್ನೊಂದು ತೊಂದರೆ ಸ್ಪಾರ್ಕ್ ಪ್ಲಗ್‌ನದು. ಪ್ರತಿ ಪ್ಲಗ್ಗೂ ಒಂದು ಆಳವಾದ ಗುಂಡಿಯಲ್ಲಿ ಕೂತಿರುತ್ತದೆ, ಈಚಿನ ಮಾದರಿಗಳಲ್ಲಿ ಅದರ ಮೇಲೇ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್. ನಾಲ್ಕನೇ ಸಿಲಿಂಡರ್ ಇರುವುದು ಬಲಗಡೆ, ತೀರಾ ಹಿಂದೆ. ಅದರ ಹತ್ತಿರವೇ ಹೀಟರ್‌ನ ಹೋಸ್ ಹಾದುಹೋಗುತ್ತದೆ. ಹೋಸ್ ಸ್ವಲ್ಪ ಸೋರಿದರೂ ಸಾಕು, ನೀರು ಆ ಗುಂಡಿಗೆ ಇಳಿದು ಎಂಜಿನ್ ಮಿಸ್ಸಿಂಗ್ ಶುರು. ಇದು ಗೊತ್ತಿಲ್ಲದವರು ಎಂಟೂ ಕಾಯಿಲ್ ಬದಲಿಸಿ ದುಡ್ಡು ಹಾಳು ಮಾಡುತ್ತಾರೆ. ಮೊದಲು ಆ ಒಂದು ಕಾಯಿಲ್ ಎಳೆದು ನೋಡಿ. ತುದಿ ಒದ್ದೆ ಇದ್ದರೆ ಹೋಸ್ ಬದಲಿಸಿ. ಪ್ಲಗ್ ಬಿಚ್ಚುವ ಮುಂಚೆ ಗುಂಡಿಯೊಳಗೆ ಗಾಳಿ ಹೊಡೆಯಬೇಕು, ಇಲ್ಲವಾದರೆ ಕಸವೆಲ್ಲ ಸಿಲಿಂಡರ್ ಒಳಗೆ. ಎಂಜಿನ್ ತಣ್ಣಗಿರಬೇಕು. ಹೊಸ ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಅದರೊಳಗಿನ ತಿರುಪಂತೂ ಬರೀ ನಾಲ್ಕೇ ಸುತ್ತು. ಜೋರು ಮಾಡಿದರೆ ಕೆಡುತ್ತದೆ.

ಲಿಂಕನ್ ಕೊಳ್ಳುವವರಿಗೆ ಒಂದು ಮಾತು. ಹಿಂದೆ ಸ್ಪ್ರಿಂಗ್ ಬದಲು ಗಾಳಿಚೀಲ ಇರುತ್ತದೆ. ಬೆಳಿಗ್ಗೆ ಕಾರಿನ ಹಿಂಭಾಗ ಕುಸಿದು ಕೂತಿದ್ದರೆ ಚೀಲ ತೂತಾಗಿದೆ ಅಂತ ಅರ್ಥ. ಜ್ಯಾಕ್ ಹಾಕುವ ಮುಂಚೆ ಡಿಕ್ಕಿಯೊಳಗಿರುವ ಈ ಗಾಳಿಚೀಲದ ಸ್ವಿಚ್ ಆರಿಸಲೇಬೇಕು. ಸಾಮಾನ್ಯ ಸ್ಪ್ರಿಂಗ್ ಹಾಕಿಸಿಕೊಳ್ಳುವ ಕಿಟ್ ಸಿಗುತ್ತದೆ, ನನ್ನ ಪ್ರಕಾರ ಅದೇ ವಾಸಿ.

ಆದರೆ ಇದ್ಯಾವುದೂ ಈ ಕಾರನ್ನು ಕೊಲ್ಲುವುದಿಲ್ಲ. ಕೊಲ್ಲುವುದು ತುಕ್ಕು. ಡೆಟ್ರಾಯಿಟ್ ಊರಿನ ಕೆಳಗೆ, 300 ಮೀಟರ್‌ಗಿಂತ ಆಳದಲ್ಲಿ, ಉಪ್ಪಿನ ಗಣಿ ಇದೆ. ಅಲ್ಲಿ ತೆಗೆದ ಉಪ್ಪನ್ನೇ ಚಳಿಗಾಲದಲ್ಲಿ ರಸ್ತೆಗೆ ಸುರಿಯುತ್ತಾರೆ, ಮಂಜುಗಡ್ಡೆ ಕರಗಲಿ ಅಂತ. ಕಾರು ಮಾಡಿ ಹೆಸರಾದ ಊರು, ಕಾರು ತಿನ್ನುವ ಉಪ್ಪಿನ ಮೇಲೇ ಕೂತಿದೆ! ಮಿಶಿಗನ್‌ನಲ್ಲಿ ವರ್ಷಕ್ಕೊಮ್ಮೆ ಕಾರು ತಪಾಸಣೆ ಮಾಡಿಸಬೇಕು ಅನ್ನುವ ಕಾನೂನೂ ಇಲ್ಲ. ಹಾಗಾಗಿ ನೋಡುವ ಕೆಲಸ ನಿಮ್ಮದೇ.

ಈ ಕಾರಿಗೆ ಲಾರಿಯ ಹಾಗೆ ಬೇರೆಯೇ ಚಾಸಿ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟು ಇದೆ, ಬಾಡಿ ಅದರ ಮೇಲೆ ಕೂತಿದೆ. ಬಾಡಿ ಫಳಫಳ ಅನ್ನುತ್ತಿರಬಹುದು, ಚಾಸಿ ಪುಡಿಪುಡಿ ಆಗಿರಬಹುದು. ಕೊಳ್ಳುವ ಮುಂಚೆ ಹಳೇ ಚಾಪೆಯೊಂದನ್ನು ಹಾಸಿಕೊಂಡು ಟಾರ್ಚ್ ಹಿಡಿದು ಕೆಳಗೆ ತೂರಿ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗುವ ಜಾಗ ಇದೆಯಲ್ಲ, ಅಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಠಣ್ ಅಂದರೆ ಸರಿ. ಮಂಕಾಗಿ ದಬ್ ಅಂದರೆ, ಹಪ್ಪಳದ ಹಾಗೆ ಚೂರು ಉದುರಿದರೆ, ಮಾರುವವರಿಗೆ ಕೈ ಮುಗಿದು ಮನೆಗೆ ಹೋಗಿ. ಬ್ರೇಕ್ ಪೈಪುಗಳನ್ನೂ ಉದ್ದಕ್ಕೆ ನೋಡಿ. ಮೀಟರ್‌ನಲ್ಲಿ ಎಷ್ಟು ಮೈಲಿ ಅನ್ನುವುದು ಆಮೇಲಿನ ಮಾತು. ದಕ್ಷಿಣದ ರಾಜ್ಯಗಳಲ್ಲಿ ಬಾಳಿದ ಎರಡು ಲಕ್ಷ ಮೈಲಿಯ ಕಾರು, ಇಲ್ಲಿ ಬಾಳಿದ ಎಂಬತ್ತು ಸಾವಿರದ್ದಕ್ಕಿಂತ ಮೇಲು.

ಪೊಲೀಸ್ ಹರಾಜಿನ ಕಾರಿಗೆ ಮೈಲಿ ಲೆಕ್ಕ ಇನ್ನೂ ಮೋಸ. ನಿಂತಲ್ಲೇ ಗಂಟೆಗಟ್ಟಲೆ ಎಂಜಿನ್ ಓಡಿರುತ್ತದೆ. ಕೊನೆಯ ವರ್ಷಗಳವುಗಳಲ್ಲಿ ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರ್ ಇದೆ, ಅದನ್ನು ನೋಡಿ.

ಖರ್ಚು? ಪೆಟ್ರೋಲಂತೂ ಕುಡಿಯುತ್ತದೆ. ಕೊನೆಯ ಮಾದರಿಗಳಿಗೆ ಸರ್ಕಾರಿ ಲೆಕ್ಕ ಊರೊಳಗೆ ಗ್ಯಾಲನ್‌ಗೆ 16 ಮೈಲಿ, ಹೆದ್ದಾರಿಯಲ್ಲಿ 24. ನಮ್ಮ ಲೆಕ್ಕದಲ್ಲಿ ಲೀಟರ್‌ಗೆ ಏಳು ಮತ್ತು ಹತ್ತು ಕಿಲೋಮೀಟರ್. ದಿನಾ ಐವತ್ತು ಮೈಲಿ ಆಫೀಸಿಗೆ ಹೋಗುವವರಿಗೆ ಇದು ಸುತರಾಂ ಬೇಡ. ಮನೆ ಹತ್ತಿರವೇ ಕೆಲಸ, ಶನಿವಾರ ಸಂತೆ, ಆಗಾಗ ಒಂದು ದೂರದ ಪ್ರಯಾಣ ಅನ್ನುವವರಿಗೆ ಪರವಾಗಿಲ್ಲ. ಇಷ್ಟು ಹಳೇ ಕಾರಿಗೆ ಪೂರ್ತಿ ವಿಮೆ ಮಾಡಿಸುವುದು ದಂಡ. ಕಾನೂನು ಕೇಳುವಷ್ಟು ಮಾಡಿಸಿ, ಉಳಿದ ದುಡ್ಡನ್ನು ರಿಪೇರಿಗೆ ತೆಗೆದಿಡಿ.

ಚಾಸಿ ಹೋದ ದಿನ ಮಾತ್ರ ವೆಲ್ಡಿಂಗ್ ಅಂತ ಹಿಂದೆ ಬೀಳಬೇಡಿ. ಹೊಸ ಬ್ಯಾಟರಿ, ಒಳ್ಳೇ ಟೈರು ಇದ್ದರೆ ಬಿಚ್ಚಿ ಮಾರಿಬಿಡಿ, ಉಳಿದದ್ದನ್ನು ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ನಂಬರ್ ಪ್ಲೇಟ್ ಮಾತ್ರ ಅವರಿಗೆ ಬಿಟ್ಟುಕೊಡಬೇಡಿ. ಮಿಶಿಗನ್‌ನಲ್ಲಿ ಪ್ಲೇಟು ಕಾರಿನ ಜೊತೆ ಹೋಗುವುದಿಲ್ಲ, ಅದು ನಿಮ್ಮದು. ಮುಂದಿನ ಕಾರಿಗೆ ಅದನ್ನೇ ವರ್ಗ ಮಾಡಿಸಿಕೊಳ್ಳಬಹುದು.